ಟೇಪಿನ ಕಾಲದ ನಂಬಿಕೆ, ಪೆನ್ ಡ್ರೈವ್ ಕಾಲದ ಪೆಟ್ಟಿಗೆ

“ಸ್ಪೀಕರ್ ಹತ್ರ ಪೆನ್ ಡ್ರೈವ್ ಇಡಬ್ಯಾಡೋ, ಹಾಡು ಅಳಿಸಿ ಹೋಗ್ತಾವು.”

ಹೊಸ ಪೆಟ್ಟಿಗೆಯನ್ನು ಕಪಾಟಿನ ಮೇಲೆ ಇಟ್ಟ ದಿನವೇ ಅಪ್ಪ ಹೇಳಿದ ಮಾತಿದು. ನೋಡಲು ಅದು ಥೇಟ್ ಎಂಬತ್ತರ ದಶಕದ ಟು-ಇನ್-ಒನ್: ಎರಡು ಕಡೆ ಜಾಲರಿ ಹೊದ್ದ ದುಂಡು ಸ್ಪೀಕರು, ಮೇಲೊಂದು ಹಿಡಿಕೆ, ಎಳೆದರೆ ಉದ್ದವಾಗುವ ಏರಿಯಲ್ಲು. ಒಳಗಿರುವುದು ಬ್ಲೂಟೂತ್, ಯುಎಸ್‌ಬಿ, ಮೆಮರಿ ಕಾರ್ಡು. ರೂಪ ಹಳೆಯದಾದ್ದರಿಂದ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ನಮ್ಮಂಥ ಮನೆಗಳಿಗೆ ಹಳೆಯ ಕಟ್ಟುಪಾಡುಗಳೂ ಅದರ ಬೆನ್ನಿಗೇ ಬಂದಿವೆ. ಅವು ಮೂಢನಂಬಿಕೆಗಳೇನಲ್ಲ. ಬಹಳಷ್ಟು ಒಂದು ಕಾಲಕ್ಕೆ ನಿಜವೇ ಆಗಿದ್ದವು. ಯಂತ್ರ ಬದಲಾಯಿತು, ಮಾತು ಉಳಿಯಿತು.

ಅಪ್ಪನ ಮಾತನ್ನೇ ನೋಡಿ. ಕ್ಯಾಸೆಟ್ಟಿನ ಪಟ್ಟಿಯ ಅಗಲ 3.81 ಮಿಲಿಮೀಟರ್. ಅದರ ಮೇಲೆ ಬಳಿದ ಸಣ್ಣ ಕಣಗಳಲ್ಲಿ ಹಾಡು ಕಾಂತದ ಗುರುತಾಗಿ ಕೂತಿರುತ್ತದೆ. ಸ್ಪೀಕರಿನ ಬೆನ್ನಿಗೆ ದಪ್ಪ ಅಯಸ್ಕಾಂತವಿರುವುದರಿಂದ ಅದಕ್ಕೆ ಆನಿಸಿಟ್ಟ ಕ್ಯಾಸೆಟ್ಟಿನ ದನಿ ಮಾಸುವ ಭಯ ಖರೇ ಇತ್ತು. ಪೆನ್ ಡ್ರೈವಿನಲ್ಲಿ ಹಾಡು ಉಳಿಯುವುದು ವಿದ್ಯುತ್ ಕಣಗಳ ರೂಪದಲ್ಲಿ. ಅಯಸ್ಕಾಂತ ಅದನ್ನು ಮುಟ್ಟಲಾರದು. ಹಾಡು ತುಂಬಿಸುತ್ತಿರುವಾಗಲೇ ಕಿತ್ತುಕೊಳ್ಳುವುದು, ಬಿಸಿಲಿನಲ್ಲಿ ಕಾರಿನೊಳಗೆ ಬಿಡುವುದು, ಇವು ಅದಕ್ಕೆ ಕೇಡು.

ಎರಡನೆಯದು ರೇಡಿಯೊ. “ರೇಡಿಯೊ ಐತಿ ಅಂದ ಮ್ಯಾಲ ಧಾರವಾಡ ಬರಬೇಕಲ್ಲ?” ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ನಮ್ಮ ಹೊಲಮನೆಗಳಿಗೆ ಅದು ಬರುತ್ತಿದ್ದುದು ಮಧ್ಯಮ ತರಂಗದಲ್ಲಿ, 765 ಕಿಲೋಹರ್ಟ್ಸ್‌ನಲ್ಲಿ. ಈ ತರಂಗ ನೆಲ ಹಿಡಿದು ಬಲು ದೂರ ಹೋಗುತ್ತದೆ. ಎಫ್‌ಎಂ ಹಾಗಲ್ಲ, ಹೆಚ್ಚುಕಡಿಮೆ ಕಣ್ಣಳತೆಯ ನೇರದಲ್ಲಿ ಸಾಗಿ ಗುಡ್ಡ, ದೂರ ಎದುರಾದರೆ ಸೋಲುತ್ತದೆ. ಹಳೆಯ ರೂಪದ ಹೊಸ ಪೆಟ್ಟಿಗೆಗಳಲ್ಲಿ ಎಷ್ಟೋ ಎಫ್‌ಎಂ ಮಾತ್ರ ಹಿಡಿಯುತ್ತವೆ. ಕೊಳ್ಳುವ ಮುನ್ನ ಮುಳ್ಳಿನ ಪಟ್ಟಿಯ ಮೇಲೆ ಎಎಂ ಅಥವಾ ಎಂಡಬ್ಲ್ಯೂ ಎಂದಿದೆಯೇ ನೋಡಿಕೊಳ್ಳಿ.

ಇದ್ದರೂ ಇನ್ನೊಂದು ತಪ್ಪು ಕಾದಿರುತ್ತದೆ: ಏರಿಯಲ್ ಎಳೆದಷ್ಟೂ ಧಾರವಾಡ ಸ್ಪಷ್ಟವಾಗುತ್ತದೆ ಎಂಬುದು. ಆ ಕಡ್ಡಿ ಇರುವುದು ಎಫ್‌ಎಂ ಮತ್ತು ಶಾರ್ಟ್‌ವೇವಿಗೆ. ಮಧ್ಯಮ ತರಂಗ ಹಿಡಿಯುವುದು ಪೆಟ್ಟಿಗೆಯೊಳಗೆ ಅಡ್ಡ ಮಲಗಿರುವ, ತಾಮ್ರದ ತಂತಿ ಸುತ್ತಿದ ಫೆರೈಟ್ ಕೋಲು. ಕೇಂದ್ರದ ದಿಕ್ಕಿಗೆ ಅದು ಅಡ್ಡಲಾಗಿದ್ದಾಗ ದನಿ ಜೋರು, ತುದಿ ತಿರುಗಿಸಿದರೆ ಕ್ಷೀಣ. ಬೆಳೆ ಸಲಹೆ ಕೇಳಲು ಹಿರಿಯರು ರೇಡಿಯೊವನ್ನು ಕಟ್ಟೆಯ ಮೇಲೆ ಅಂಗುಲ ಅಂಗುಲ ತಿರುಗಿಸುತ್ತಿದ್ದರಲ್ಲ, ಅವರ ಕೈಗೆ ವಿಜ್ಞಾನ ಸರಿಯಾಗೇ ಗೊತ್ತಿತ್ತು. ಈಗ ಒಂದು ಮಾತು ಸೇರಿಸಬೇಕು: ಪಕ್ಕದಲ್ಲಿ ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬು ಉರಿಯುತ್ತಿದ್ದರೆ ಕರಕರ ಸದ್ದು ಬರುತ್ತದೆ. ಅದು ಪೆಟ್ಟಿಗೆಯ ದೋಷವಲ್ಲ.

ಡಬ್ಬಿಯ ಮೇಲಿನ “1000 ವ್ಯಾಟ್ ಪಿಎಂಪಿಒ”ವನ್ನು ನಂಬಬೇಡಿ. ಒಳಗಿನ ಲಿಥಿಯಂ ಬ್ಯಾಟರಿ 3.7 ವೋಲ್ಟ್, 2000 ಎಂಎಎಚ್ ಆಗಿದ್ದರೆ ಅದರಲ್ಲಿರುವ ಶಕ್ತಿ 7.4 ವ್ಯಾಟ್-ಅವರ್. ಖರೇ 1000 ವ್ಯಾಟ್ ಎಳೆದರೆ ಅದು ಅರ್ಧ ನಿಮಿಷವೂ ಬಾಳದು. ಕೇಳಬೇಕಾದದ್ದು ಸತತವಾಗಿ ಕೊಡಬಲ್ಲ ಶಕ್ತಿ, ಅಂದರೆ ಆರ್‌ಎಂಎಸ್ ಎಷ್ಟು ಎಂದು.

ಬೇಸ್ ಜಾಸ್ತಿ ಇದ್ದರೆ ದನಿ ಚೆಂದ ಎಂಬುದನ್ನೂ ಪರೀಕ್ಷಿಸಿ ನೋಡಬಹುದು. ಮನೆತನದ ಹೆಸರಲ್ಲೇ ಹಾನಗಲ್ಲನ್ನು ಹೊತ್ತ ಗಂಗೂಬಾಯಿಯವರ ಗಾಯನ ಹಚ್ಚಿ. ಆ ಗಡಸು, ತುಂಬುದನಿಗೆ ಬೇಸ್ ಗುಂಡಿ ಒತ್ತಿದರೆ ಸ್ವರ ಮಂಕಾಗಿ ಪ್ಲಾಸ್ಟಿಕ್ಕಿನ ನಡುಕವೇ ಮೇಲಾಗುತ್ತದೆ. ಗುಂಡಿ ತೆಗೆಯಿರಿ, ಅವರು ಮರಳಿ ಬರುತ್ತಾರೆ.

ದುರ್ಬಲವಾದ ಸೆಲ್ಲನ್ನು ಮಾಳಿಗೆಯ ಬಿಸಿಲಿಗಿಟ್ಟು ಇನ್ನೆರಡು ಹಾಡು ಕೇಳಿದವರು ನಾವು. ಲಿಥಿಯಂ ಬ್ಯಾಟರಿಯನ್ನು ಹಾಗೆ ಬಿಸಿಲಿಗಿಡಲೇಬೇಡಿ, ಅಪಾಯ. ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಹಾಕಬೇಕೆಂಬುದೂ ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಕಾಲದ ಮಾತು.

ಬ್ಲೂಟೂತ್ ಡಾಟಾ ತಿನ್ನುವುದಿಲ್ಲ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬ್ಲೂಟೂತ್ ಮಾತ್ರ ಆನ್ ಮಾಡಿ, ಮೆಮರಿಯಲ್ಲಿರುವ ಹಾಡು ಹಚ್ಚಿ; ನಿಶ್ಚಿಂತೆಯಿಂದ ಹಾಡುತ್ತದೆ. ಡಾಟಾ ಹೋಗುವುದು ಯೂಟ್ಯೂಬಿನಿಂದ ಹಾಡು ತರಿಸಿಕೊಂಡಾಗ. ಹೊರದೇಶದ ನೆಂಟರು ಕೊಟ್ಟ ಐಪಾಡ್ ಡಾಕಿನ ಪೆಟ್ಟಿಗೆಯನ್ನೂ ಮೂಲೆಗೆ ಎಸೆಯಬೇಕಿಲ್ಲ. ಆಪಲ್ ಆ ಹಲ್ಲುಪಟ್ಟಿಯನ್ನು 2012ರಲ್ಲಿ ಬದಲಿಸಿತು, 2022ರಲ್ಲಿ ಐಪಾಡನ್ನೇ ನಿಲ್ಲಿಸಿತು, ನಿಜ. ಆ ಪೆಟ್ಟಿಗೆಯ ಬೆನ್ನಿಗೆ 3.5 ಮಿಲಿಮೀಟರ್ ಆಕ್ಸ್ ತೂತಿದ್ದರೆ ಅದಿನ್ನೂ ಜೀವಂತ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕ್ಯಾಸೆಟ್ಟಿನ ಮಾತು. “ಡಿಜಿಟಲ್ ಮಾಡಿಸಿದ್ರ ದನಿ ಚೊಲೋ ಆಗ್ತೈತಿ” ಎನ್ನುತ್ತಾರೆ. ಆಗುವುದಿಲ್ಲ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಾಗ ಪ್ರತಿ ಸಲವೂ ದನಿ ಸವೆಯುತ್ತಿತ್ತು. ಡಿಜಿಟಲ್ ಪ್ರತಿ ಸವೆಯುವುದಿಲ್ಲ, ಅಷ್ಟೇ ಅದರ ಹೆಚ್ಚುಗಾರಿಕೆ. 128 ಕೆಬಿಪಿಎಸ್ ಹಾಡನ್ನು 320ಕ್ಕೆ ಏರಿಸಿದರೆ ಕಡತ ಉಬ್ಬುತ್ತದೆ, ಕಳೆದ ದನಿ ಹುಟ್ಟುವುದಿಲ್ಲ.

1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಹಾಡು ಎಲ್ಲಾದರೂ ಸಿಕ್ಕೀತು. ನಿಮ್ಮ ಊರಿನ ಭಜನಾ ಮೇಳದವರು ಹಾಡಿದ ಶರೀಫರ ಪದ, ಅಜ್ಜಿಯ ಬೀಸುವ ಪದ ಇರುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ. ಮೊದಲು ಅದರ ಮೇಲಂಚಿನ ಎರಡು ಪ್ಲಾಸ್ಟಿಕ್ ಚಿಪ್ಪು ಮುರಿಯಿರಿ; ರೆಕಾರ್ಡ್ ಗುಂಡಿ ಆಮೇಲೆ ಇಳಿಯದು. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಹೊಸ ಪೆಟ್ಟಿಗೆಯಲ್ಲೇ ಕ್ಯಾಸೆಟ್ಟಿನಿಂದ ಯುಎಸ್‌ಬಿಗೆ ಇಳಿಸುವ ಗುಂಡಿ ಇರಬಹುದು, ಆದರೆ ಅದು ಹಿಂಡಿದ ಎಂಪಿ3 ಕೊಡುವುದೇ ಹೆಚ್ಚು. ಒಳ್ಳೆಯ ಹಳೆಯ ಟೇಪಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ವೈರು ಕೊಟ್ಟು ಡಬ್ಲ್ಯೂಎವಿ ರೂಪದಲ್ಲಿ ತುಂಬಿಸಿಕೊಳ್ಳಿ. ಗಂಟೆಗೆ ಸುಮಾರು 635 ಎಂಬಿ. 32 ಜಿಬಿ ಪೆನ್ ಡ್ರೈವಿನಲ್ಲಿ ಒಂದು ಗಂಟೆಯ ಐವತ್ತರಷ್ಟು ಕ್ಯಾಸೆಟ್ಟು ಹಿಡಿಯುತ್ತವೆ.

ಸುಸ್ ಎನ್ನುವ ಸದ್ದು ತೆಗೆಯುವ ತಂತ್ರಾಂಶ ಬಳಸುವುದಾದರೆ ಮೂಲ ಕಡತ ಬೇರೆ ಇಟ್ಟುಕೊಳ್ಳಿ. ನಮ್ಮಜ್ಜಿಯ ಪದಕ್ಕೆ ಅದನ್ನು ಹಚ್ಚಿದಾಗ ಸುಸ್ ಸದ್ದಿನ ಜೊತೆ ಬೀಸುವ ಕಲ್ಲಿನ ಸದ್ದೂ ಹೋಗಿತ್ತು.