ಟಿಬೆಟನ್ ಮಾತು: ಗೌರವದ ಪದವನ್ನು ನಮಗೇ ಬಳಸಿಕೊಂಡರೆ ಏನಾಗುತ್ತದೆ?

ಬೈಲುಕುಪ್ಪೆಗೋ ಮುಂಡಗೋಡಿಗೋ ಹೊರಟವರು ನಾಲ್ಕು ಟಿಬೆಟನ್ ಪದ ಕಲಿಯಲು ಹೋದರೆ, ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವಂಥ ಪದಪಟ್ಟಿಗಳೇ ಮೊದಲು ಸಿಗುವುದು. ಒಂದು ಕನ್ನಡ ಪದ, ಎದುರಿಗೆ ಒಂದೇ ಟಿಬೆಟನ್ ಪದ. ಆದರೆ ಟಿಬೆಟನ್ ಹಾಗಿಲ್ಲ.

ಶೇಸಾ ಎಂದರೇನು?

ಲ್ಹಾಸಾ ಕಡೆಯ ಟಿಬೆಟನ್‌ನಲ್ಲಿ ಗೌರವದ ಮಾತಿಗೆ ‘ಶೇಸಾ’ ಎನ್ನುತ್ತಾರೆ. ಕನ್ನಡದಲ್ಲಿ ‘ಹೋಗು’ ಎನ್ನುವುದನ್ನು ‘ಹೋಗಿ’ ಎಂದರೆ ಮರ್ಯಾದೆ ಬರುತ್ತದೆ. ಅಲ್ಲಿ ಪದವೇ ಬದಲಾಗುತ್ತದೆ. ಹೋಗುವುದಕ್ಕೆ ಸಾಮಾನ್ಯ ಪದ ‘ಡ್ರೋ’, ಗೌರವಕ್ಕೆ ‘ಫೇಪ್’. ಹೆಸರು ‘ಮಿಂಗ್’, ಹಿರಿಯರ ಹೆಸರಾದರೆ ‘ತ್ಸೆನ್’.

ಹಾಗಾದರೆ ಎಲ್ಲೆಡೆ ಗೌರವದ ಪದವನ್ನೇ ಬಳಸಿದರೆ ಸಾಕೇ?

ಇಲ್ಲ, ತಪ್ಪಾಗುವುದು ಇಲ್ಲೇ. ‘ನಿಮ್ಮ ತ್ಸೆನ್ ಏನು?’ ಎಂದು ಅವರು ಕೇಳಿದರೆ, ‘ನನ್ನ ಮಿಂಗ್ ಇಂಥದ್ದು’ ಎಂದೇ ಉತ್ತರಿಸಬೇಕು. ಕೇಳಿದ ಪದವನ್ನೇ ತಿರುಗಿ ಹೇಳಿದರೆ ನಮ್ಮನ್ನು ನಾವೇ ಹೊಗಳಿಕೊಂಡಂತೆ. ನಮ್ಮ ‘ಜೀ’ಯಂತೆ ಹೆಸರಿನ ಕೊನೆಗೆ ಸೇರಿಸುವ ‘ಲಾ’ ಕೂಡ ಹಾಗೆಯೇ, ಅದು ಇತರರ ಹೆಸರಿಗೆ ಮಾತ್ರ.

ತಗ್ಗಿ ನುಡಿಯುವ ಪದಗಳು

ಕೆಲವು ಕ್ರಿಯಾಪದಗಳಿಗೆ ಮೂರನೆಯ ರೂಪವೂ ಉಂಟು. ಗುರುಗಳು ನನಗೆ ಕೊಟ್ಟರೆ ‘ನಂಗ್’. ನಾನು ಗುರುಗಳಿಗೆ ಕೊಟ್ಟರೆ ‘ಫುಲ್’. ಹಾಗೆಯೇ ಅವರು ಹೇಳಿದರೆ ‘ಸುಂಗ್’, ನಾನು ಅವರಿಗೆ ಹೇಳಿದರೆ ‘ಶು’. ಗೆಳೆಯರ ನಡುವೆ ಇದಾವುದೂ ಬೇಡ, ಸಾಮಾನ್ಯ ಪದ ಸಾಕು.

ನಮಗೂ ಇದು ತೀರಾ ಹೊಸದಲ್ಲ. ದೊಡ್ಡವರು ‘ಅಪ್ಪಣೆ ಕೊಡಿಸುತ್ತಾರೆ’, ನಾವು ‘ಬಿನ್ನವಿಸುತ್ತೇವೆ’. ದೇವರು ‘ದಯಪಾಲಿಸುತ್ತಾನೆ’, ನಾವು ‘ಸಮರ್ಪಿಸುತ್ತೇವೆ’. ‘ಸ್ವಾಮೀಜಿಗೆ ಎರಡು ಬಾಳೆಹಣ್ಣು ದಯಪಾಲಿಸಿದೆ’ ಎಂದರೆ ಯಾರಿಗೆ ನಗು ಬರುವುದಿಲ್ಲ?

ತಗ್ಗಿ ಮಾತಾಡುವುದು ಕೀಳರಿಮೆಯೇ?

ಅಲ್ಲ. ‘ಫುಲ್’ ಎನ್ನುವುದು ಹೇಳುವವರ ಅಂತಸ್ತನ್ನಲ್ಲ, ಪಡೆಯುವವರ ಮೇಲಿನ ಗೌರವವನ್ನು ತೋರಿಸುತ್ತದೆ. ಆ ಗುರುಗಳೂ ತಮ್ಮ ಗುರುಗಳಿಗೆ ಕೊಡುವಾಗ ಇದೇ ಪದ ಬಳಸುತ್ತಾರೆ.

ಶೇಸಾ ಬಳಸದವರು ಒರಟರೇ?

ಹಾಗೆ ತೀರ್ಮಾನಿಸಬೇಡಿ. ಟಿಬೆಟನ್ನರು ಬೇರೆ ಬೇರೆ ಪ್ರಾಂತ್ಯದವರು. ಆಮ್ದೊ ಕಡೆಯ ಆಡುಮಾತಿನಲ್ಲಿ ಶೇಸಾ ಇಷ್ಟು ವಿಸ್ತಾರವಾಗಿಲ್ಲ. ಅಲ್ಲಿಯವರ ನೇರ ಮಾತು ಅವಮರ್ಯಾದೆಯಲ್ಲ.

ನೆನಪಿಡಿ: ಎದುರಿನವರಿಗೆ ಗೌರವದ ಪದ, ನಮಗೆ ಸಾಮಾನ್ಯ ಪದ, ಹಿರಿಯರಿಗೆ ಕೊಡುವಾಗ, ಹೇಳುವಾಗ ತಗ್ಗಿದ ಪದ. ಇನ್ನೊಮ್ಮೆ ಪದಪಟ್ಟಿ ಬಂದರೆ ಫಾರ್ವರ್ಡ್ ಮಾಡುವ ಮುನ್ನ ನೋಡಿ: ಯಾವ ಪದವನ್ನು ಯಾರಿಗೆ ಹೇಳಬೇಕೆಂದು ಅದರಲ್ಲಿ ಬರೆದಿದೆಯೇ?