ಹುಲ್ಲುಗಾವಲು ಪಾಳುಭೂಮಿಯಲ್ಲ

ರಾಗಿ ಮುದ್ದೆ, ಜೋಳದ ರೊಟ್ಟಿ, ಅನ್ನ, ಬೆಲ್ಲ: ನಮ್ಮ ಊಟದ ಬಹುಪಾಲು ಹುಲ್ಲಿನ ಕುಟುಂಬದ ಕೊಡುಗೆ. ರಾಗಿ, ಜೋಳ, ಭತ್ತ, ಕಬ್ಬು ಎಲ್ಲವೂ ಪೋಯೇಸಿ ಕುಟುಂಬಕ್ಕೆ ಸೇರಿದವು. ಈ ಕುಟುಂಬದಲ್ಲಿ 11,000ಕ್ಕೂ ಹೆಚ್ಚು ಪ್ರಭೇದಗಳಿವೆ. ಇಷ್ಟು ಹತ್ತಿರದ ಸಸ್ಯದ ಬಗ್ಗೆಯೇ ನಮ್ಮಲ್ಲಿ ತಪ್ಪು ತಿಳಿವಳಿಕೆಗಳು ಹಲವು. ಅವುಗಳಲ್ಲಿ ಕೆಲವು ನೆಲವನ್ನೇ ಕೆಡಿಸುವಂಥವು.

ತಪ್ಪು ಕಲ್ಪನೆ: ಉದ್ದನೆಯ ತೆಳು ಎಲೆ ಇರುವುದೆಲ್ಲ ಹುಲ್ಲು.

ಸತ್ಯ: ತೋಟದಲ್ಲಿ ಕಾಡುವ ಕೊನ್ನಾರಿಯ ಹೂದಂಟನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ. ಮೂರು ಅಂಚುಗಳು ಬೆರಳಿಗೆ ತಾಗುತ್ತವೆ. ಗೆಣ್ಣು ಇರುವುದಿಲ್ಲ, ಸೀಳಿದರೆ ಒಳಗೆ ತಿರುಳು ತುಂಬಿರುತ್ತದೆ. ಭತ್ತದ ದಂಟಾದರೋ ದುಂಡಗಿದ್ದು, ಗೆಣ್ಣಿನಿಂದ ಗೆಣ್ಣಿಗೆ ಪೊಳ್ಳಾಗಿರುತ್ತದೆ. ಕೊನ್ನಾರಿ ಜೇಕಿನ ಕುಟುಂಬದ್ದು. ಕೆರೆಯಂಚಿನ ಜೊಂಡು ಮತ್ತೊಂದು ಕುಟುಂಬದ್ದು. ಈ ವ್ಯತ್ಯಾಸ ರೈತರಿಗೆ ಮುಖ್ಯ: ಹುಲ್ಲನ್ನಷ್ಟೇ ಕೊಲ್ಲುವ ಕಳೆನಾಶಕಕ್ಕೆ ಕೊನ್ನಾರಿ ಜಗ್ಗುವುದಿಲ್ಲ. ಮೇಲಿನ ಎಲೆಯನ್ನು ಮಾತ್ರ ಕಿತ್ತರೆ ನೆಲದೊಳಗಿನ ಗಡ್ಡೆಗಳು ಮತ್ತೆ ಚಿಗುರುತ್ತವೆ.

ತಪ್ಪು ಕಲ್ಪನೆ: ಬಿದಿರು ಒಂದು ಮರ.

ಸತ್ಯ: ಬಿದಿರು ಹುಲ್ಲೇ. ನೆಲದಿಂದ ಕಳಲೆ ಎಷ್ಟು ದಪ್ಪ ಮೂಡುತ್ತದೋ ಗಳವೂ ಅಷ್ಟೇ ದಪ್ಪ. ಮರದ ಕಾಂಡದಂತೆ ವರ್ಷದಿಂದ ವರ್ಷಕ್ಕೆ ಅದು ದಪ್ಪವಾಗುವುದಿಲ್ಲ. ಆದರೂ 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರಗಳ ಪಟ್ಟಿಗೆ ಸೇರಿಸಿತ್ತು. ಅದನ್ನು ಕೈಬಿಟ್ಟದ್ದು 2017ರ ತಿದ್ದುಪಡಿ.

ತಪ್ಪು ಕಲ್ಪನೆ: ಹುಲ್ಲು ಹೂ ಬಿಡುವುದಿಲ್ಲ.

ಸತ್ಯ: ಭತ್ತ ತೆನೆ ಒಡೆದ ದಿನಗಳಲ್ಲಿ ಬಿಸಿಲೇರುವ ಹೊತ್ತಿಗೆ ಗದ್ದೆಗೆ ಹೋಗಿ ನೋಡಿ. ಪುಟ್ಟ ಸಿಪ್ಪೆಗಳು ಬಾಯಿ ಬಿಟ್ಟು, ಸಣ್ಣ ಕೇಸರಗಳು ಹೊರಗೆ ಜೋತಾಡುತ್ತಿರುತ್ತವೆ. ಅದೇ ಹೂವು. ಹೆಚ್ಚಿನ ಹುಲ್ಲುಗಳ ಪರಾಗವನ್ನು ಗಾಳಿಯೇ ಒಯ್ಯುವುದರಿಂದ ದುಂಬಿಯನ್ನು ಕರೆಯುವ ಬಣ್ಣದ ಎಸಳು ಅವಕ್ಕೆ ಬೇಕಿಲ್ಲ.

ತಪ್ಪು ಕಲ್ಪನೆ: ಹುಲ್ಲುಗಾವಲೆಂದರೆ ಕಾಡು ಕಡಿದ ಮೇಲೆ ಉಳಿದ ಪಾಳು ಜಾಗ.

ಸತ್ಯ: ಎಲ್ಲ ಹುಲ್ಲುಗಾವಲುಗಳೂ ಹಾಗೆ ಹುಟ್ಟಿದವಲ್ಲ. ಕುದುರೆಮುಖ, ಬಾಬಾಬುಡನ್‌ಗಿರಿಗಳ ಎತ್ತರದಲ್ಲಿ ಕಣಿವೆಗಳ ಆಸರೆಯಲ್ಲಿ ಶೋಲಾ ಕಾಡು, ಗಾಳಿಗೊಡ್ಡಿದ ಇಳಿಜಾರಿನಲ್ಲಿ ಹುಲ್ಲು. ಇಂಥದೇ ನೆಲವಿರುವ ನೀಲಗಿರಿ ಬೆಟ್ಟಗಳ ಜೌಗು ಮಣ್ಣಿನ ಪದರಗಳನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಸುಮಾರು 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲು ಹರಡಿತ್ತೆಂಬುದು ಅದರಿಂದ ತಿಳಿದಿದೆ; ಕೊಡಲಿ ಬಂದದ್ದು ಎಷ್ಟೋ ಕಾಲದ ನಂತರ. ಬಯಲುಸೀಮೆಗೂ ತನ್ನದೇ ಹುಲ್ಲುಗಾವಲುಗಳಿವೆ. ರಾಣೆಬೆನ್ನೂರು, ಮಧುಗಿರಿಯ ಮೈದನಹಳ್ಳಿಗಳಲ್ಲಿ ಕೃಷ್ಣಮೃಗಗಳು ಬದುಕಿರುವುದು ತೆರೆದ ಬಯಲಿನ ಬಲದಿಂದ. ಇಂಥ ಬಯಲನ್ನೇ ನಂಬಿದ ಎರೆಭೂತ ಹಕ್ಕಿ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಮೈಸೂರು ಅರಸರು ಅಮೃತ್ ಮಹಲ್ ದನಗಳಿಗಾಗಿ ಕಾವಲುಗಳನ್ನು ಮೀಸಲಿಟ್ಟರು. ಇಂದಿಗೂ ಕುರಿಗಾಹಿಗಳ ಬದುಕಿಗೆ ಇಂಥ ಹುಲ್ಲುಗಾವಲಿನ ಮೇವೇ ಆಧಾರ.

ತಪ್ಪು ಕಲ್ಪನೆ: ಎಲ್ಲಿ ಗಿಡ ನೆಟ್ಟರೂ ಪರಿಸರಕ್ಕೆ ಒಳ್ಳೆಯದೇ.

ಸತ್ಯ: ಬಯಲಿನ ಹುಲ್ಲುಗಳಿಗೆ ಬಿಸಿಲು ಬೇಕು. ಅಲ್ಲಿ ನೀಲಗಿರಿ, ಅಕೇಶಿಯಾ ದಟ್ಟವಾಗಿ ನೆಟ್ಟರೆ ನೆರಳು ಬಿದ್ದು ಹುಲ್ಲು ಸಾಯುತ್ತದೆ. ಬಯಲು ನಂಬಿದ ಪ್ರಾಣಿಗಳೂ ನೆಲೆ ಕಳೆದುಕೊಳ್ಳುತ್ತವೆ. ಹುಲ್ಲುಗಾವಲು ತನ್ನ ಇಂಗಾಲವನ್ನು ಹೆಚ್ಚಾಗಿ ಬೇರು, ಮಣ್ಣುಗಳಲ್ಲಿ ಇಡುತ್ತದೆ. ಕಾಳ್ಗಿಚ್ಚು ಹಾಯ್ದರೂ ಅದರ ಬಹುಪಾಲು ನೆಲದೊಳಗೇ ಉಳಿಯುತ್ತದೆ.

ಗಿಡ ನೆಡುವ ಉತ್ಸಾಹ ದೊಡ್ಡದು, ಅದು ಉಳಿಯಬೇಕು. ರಸ್ತೆಬದಿ, ಶಾಲೆಯ ಆವರಣ, ಹಾಳಾದ ಕಾಡಿನಂಚು ಅದಕ್ಕೆ ಕಾದಿವೆ. ಹುಲ್ಲುಗಾವಲಿನಲ್ಲಿ ಗುಂಡಿ ತೋಡುವ ಮುನ್ನ ಮಾತ್ರ ಅಲ್ಲಿ ಈಗಾಗಲೇ ಏನು ಬೆಳೆದಿದೆ, ಅದನ್ನು ಯಾರು ಮೇಯಿಸುತ್ತಾರೆ ಎಂದು ಊರಿನ ಕುರಿಗಾಹಿಯನ್ನು ಕೇಳಿ ತಿಳಿಯೋಣ.