ಟಾಹೋದ ತಿಳಿನೀರು, ನಮ್ಮ ತಪ್ಪು ತಿಳಿವಳಿಕೆ

ಲೇಕ್ ಟಾಹೋ ದಡದಿಂದ ನೀರಿನೊಳಕ್ಕೆ ಚಾಚಿದ ಮರದ ಹಲಗೆಗಳ ತುದಿಯಲ್ಲಿ ನಿಂತಿದ್ದೆವು. ಬಗ್ಗಿ ನೋಡಿದರೆ ತಳದ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದು. ನಮ್ಮ ಗುಂಪಿನ ಹುಡುಗ, ಹನ್ನೆರಡು ವರ್ಷದವನು, “ಅಂಕಲ್, ಸೊಂಟದ ತನಕ ಬರುತ್ತೆ ಅಷ್ಟೇ” ಎನ್ನುತ್ತ ಶರ್ಟು ಬಿಚ್ಚತೊಡಗಿದ. ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಬಿಳಿಯ ಅಜ್ಜನಿಗೆ ಕನ್ನಡ ಬಾರದು, ಆದರೆ ಹುಡುಗನ ಇರಾದೆ ಗೊತ್ತಾಗಿರಬೇಕು. ಮಾತಾಡದೆ ಸೀಸದ ಗುಂಡು ಕಟ್ಟಿದ ದಾರವನ್ನು ನೀರಿಗೆ ಇಳಿಬಿಟ್ಟು ತೋರಿಸಿದ. ಎರಡಾಳು ಆಳ.

ನೀರೊಳಗಿನ ವಸ್ತು ತಾನಿರುವ ಆಳದ ಮುಕ್ಕಾಲು ಪಾಲಿನಲ್ಲೇ ಇದ್ದಂತೆ ಕಾಣುತ್ತದೆ ಎಂದು ಹೈಸ್ಕೂಲಿನಲ್ಲಿ ಲೋಟದೊಳಗೆ ನಾಣ್ಯ ಹಾಕಿ ತೋರಿಸಿದ್ದರು. ಇಲ್ಲಿ ಅದೊಂದೇ ಕಾರಣವಲ್ಲ. ನಮ್ಮೂರ ಕೆರೆಗಳಲ್ಲಿ ಮೊಣಕಾಲುದ್ದದ ನೀರಿಗಿಳಿದರೂ ಪಾದ ಕಾಣುವುದಿಲ್ಲ. ತಳ ಕಂಡರೆ ಆಳವಿಲ್ಲ ಎಂಬ ಲೆಕ್ಕ ನಮ್ಮ ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ಕನ್ನಡದಲ್ಲಿ ‘ತಿಳಿ’ ಎಂದರೆ ನಿರ್ಮಲವೂ ಹೌದು, ಅರಿವೂ ಹೌದು. ಟಾಹೋ ದಡದಲ್ಲಿ ಮಾತ್ರ ಈ ಎರಡು ಅರ್ಥಗಳಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ನೀರು ತಿಳಿ, ಗಾಳಿ ತಿಳಿ, ಆಕಾಶ ತಿಳಿ. ಎಲ್ಲವೂ ಕಣ್ಣಿಗೆ ನಿಚ್ಚಳವಾಗಿರುವುದರಿಂದಲೇ ನಮ್ಮ ತಿಳಿವಳಿಕೆ ಎಡವುತ್ತದೆ.

ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳ ಗಡಿಯಲ್ಲಿ, ಸಿಯೆರಾ ನೆವಾಡಾ ಬೆಟ್ಟಗಳ ಮಡಿಲಲ್ಲಿರುವ ಈ ಸರೋವರ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲ ಬೇ ಏರಿಯಾದ ಕನ್ನಡಿಗರಿಗೆ ಬೆಂಗಳೂರಿನವರಿಗೆ ಮಡಿಕೇರಿ ಇದ್ದ ಹಾಗೆ. ಕಾರಿನಲ್ಲಿ ಸುಮಾರು ನಾಲ್ಕು ಗಂಟೆ ದಾರಿ. ಜೂನ್ ಬಂತೆಂದರೆ ಟೆಂಟು, ಗ್ಯಾಸ್ ಒಲೆ, ಕುಕ್ಕರು, ಚಟ್ನಿಪುಡಿ ಎಲ್ಲ ಡಿಕ್ಕಿಗೆ ಸೇರುತ್ತವೆ. ಉದ್ದ 35 ಕಿಲೋಮೀಟರ್, ಅಗಲ 19. ನೀರಿನ ಮಟ್ಟ ಸಮುದ್ರದಿಂದ ಸುಮಾರು 1,900 ಮೀಟರ್ ಮೇಲಿದೆ. ಅಂದರೆ ಮುಳ್ಳಯ್ಯನಗಿರಿಯ ನೆತ್ತಿಯ ಮಟ್ಟದಲ್ಲಿ ಒಂದು ಸರೋವರ. ಈ ಎತ್ತರವನ್ನು ಮರೆಯುವುದೇ ಮುಂದಿನ ಹಲವು ತಪ್ಪುಗಳಿಗೆ ಮೂಲ.

ಚಿಕ್ಕಪುಟ್ಟವನ್ನು ಮೊದಲು ಮುಗಿಸಿಬಿಡೋಣ. ಇದು ಜ್ವಾಲಾಮುಖಿಯ ಬಾಯಿ ಎಂದು ಹೇಳುವವರಿದ್ದಾರೆ, ಅಲ್ಲ. ಭೂಮಿಯ ಪದರ ಸೀಳಿ ಎರಡು ಬದಿಯ ಬೆಟ್ಟಗಳು ಮೇಲೆದ್ದು ನಡುವಿನ ನೆಲ ಕುಸಿದು ಆದ ತಗ್ಗು ಇದು. ಉತ್ತರದಲ್ಲಿ ಲಾವಾ ಹರಿದು ಅಡ್ಡಗಟ್ಟೆ ಹಾಕಿದ್ದು ನಿಜ, ಜ್ವಾಲಾಮುಖಿಯ ಪಾಲು ಅಷ್ಟೇ. ತಳವೇ ಇಲ್ಲ ಎಂಬ ಮಾತೂ ಸುಳ್ಳು. ಅತಿ ಆಳದ ಜಾಗದಲ್ಲಿ 501 ಮೀಟರ್, ಜೋಗವನ್ನು ಒಂದರ ಮೇಲೊಂದು ಎರಡು ಸಲ ನಿಲ್ಲಿಸಿದಷ್ಟು. ಇನ್ನು ಹೆಸರು. ಇಲ್ಲಿನ ಮೂಲನಿವಾಸಿಗಳಾದ ವಾಶೋ ಜನರ ಭಾಷೆಯಲ್ಲಿ ‘ದಾ ಆವ್’ ಎಂದರೆ ಸರೋವರ. ಅದನ್ನೇ ಹೊರಗಿನವರು ‘ಟಾಹೋ’ ಎಂದು ಉಚ್ಚರಿಸಿದರು. ಹಾಗಾಗಿ ‘ಲೇಕ್ ಟಾಹೋ’ ಎಂದರೆ ‘ಸರೋವರ ಸರೋವರ’. ‘ನಡುಮಧ್ಯೆ’ ಎನ್ನುವ ನಾವು ನಗುವ ಹಾಗಿಲ್ಲ.

“ಬೇಸಿಗೆ ತಾನೇ, ನೀರು ಬೆಚ್ಚಗಿರುತ್ತೆ”

ದಡದಲ್ಲಿ ಮೂವತ್ತು ಡಿಗ್ರಿ ಸೆಲ್ಸಿಯಸ್ ಬಿಸಿಲು ಇರುವ ದಿನವೂ ಜೂನ್ ತಿಂಗಳ ನೀರು ಫ್ರಿಜ್ಜಿನ ನೀರಿನ ತಮ್ಮನಂತಿರುತ್ತದೆ. ಸುತ್ತಲ ಬೆಟ್ಟಗಳ ಹಿಮ ಆಗಿನ್ನೂ ಕರಗಿ ಇಳಿಯುತ್ತಿರುತ್ತದೆ. ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಮೇಲ್ಪದರ ಹದಿನೆಂಟು, ಇಪ್ಪತ್ತು ಡಿಗ್ರಿಗೆ ಬರುತ್ತದೆ. ಆದರೆ ಬೆಚ್ಚಗಾಗುವುದು ಮೇಲ್ಪದರ ಮಾತ್ರ. ಇನ್ನೂರು ಮೀಟರ್ ಕೆಳಗೆ ವರ್ಷವಿಡೀ ನಾಲ್ಕೈದು ಡಿಗ್ರಿ. ಪಶ್ಚಿಮದಿಂದ ಜೋರು ಗಾಳಿ ಬೀಸಿದಾಗ ಈ ಬೆಚ್ಚನೆಯ ಪದರ ಪೂರ್ವ ದಡಕ್ಕೆ ಸರಿದು, ಪಶ್ಚಿಮ ದಡದಲ್ಲಿ ಕೆಳಗಿನ ತಣ್ಣೀರು ಮೇಲೇಳುತ್ತದೆ. ನಿನ್ನೆ ಮಕ್ಕಳು ಆಡಿದ ಜಾಗವೇ ಇವತ್ತು ಕಾಲಿಟ್ಟರೆ ಕಚ್ಚುತ್ತದೆ.

ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿದೆ: “ನನಗೆ ಈಜು ಬರುತ್ತೆ.” ಊರ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರಿಗೆ ಆ ಹೆಮ್ಮೆ ಸಹಜ, ನನಗೂ ಇದೆ. ಆದರೆ ತಣ್ಣೀರು ಈಜುಗಾರನನ್ನು ಸೋಲಿಸುವುದು ಸುಸ್ತು ಮಾಡಿ ಅಲ್ಲ, ಮೊದಲ ನಿಮಿಷದಲ್ಲೇ ಉಸಿರು ಕೆಡಿಸಿ. ಹದಿನೈದು ಡಿಗ್ರಿಗಿಂತ ತಣ್ಣಗಿನ ನೀರಿಗೆ ಒಮ್ಮೆಲೇ ಬಿದ್ದ ದೇಹ ನಮ್ಮನ್ನು ಕೇಳದೆಯೇ ಒಂದು ದೊಡ್ಡ ಉಸಿರೆಳೆದುಕೊಳ್ಳುತ್ತದೆ. ಆ ಕ್ಷಣ ತಲೆ ನೀರೊಳಗಿದ್ದರೆ ಒಳಗೆ ಹೋಗುವುದು ಗಾಳಿಯಲ್ಲ. ಆಮೇಲೆ ಏದುಸಿರು, ಎದೆಬಡಿತ. ಅದು ತಹಬಂದಿಗೆ ಬಂದರೂ ಹತ್ತು ನಿಮಿಷದ ಆಸುಪಾಸಿನಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ಮೈ ತಣ್ಣಗಾಗಿ ಸಾಯುವುದಕ್ಕೆ ಅರ್ಧ ಗಂಟೆಗೂ ಹೆಚ್ಚು ಬೇಕು. ಮುಳುಗುವವರು ಅಷ್ಟು ಹೊತ್ತು ಕಾಯುವುದಿಲ್ಲ. ಬಿದ್ದದ್ದೇ ಆದರೆ ಕೈಕಾಲು ಬಡಿಯದೆ ಅಂಗಾತ ತೇಲಿ, ಉಸಿರು ಹದಕ್ಕೆ ಬಂದ ಮೇಲೆ ಮುಂದಿನ ಮಾತು. ಲೈಫ್ ಜಾಕೆಟ್ ಈಜು ಬಾರದವರಿಗೆ ಎಂಬುದಕ್ಕಿಂತ ದೊಡ್ಡ ತಪ್ಪು ಕಲ್ಪನೆ ಈ ದಡದಲ್ಲಿ ಇನ್ನೊಂದಿಲ್ಲ. ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್ ಕೂಡ ಇಲ್ಲಿನ ಕಾನೂನಿನ ಕಣ್ಣಿಗೆ ದೋಣಿಯೇ, ಅದರ ಮೇಲೂ ಜಾಕೆಟ್ ಇರಬೇಕು. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನ ಸಮುದ್ರವಾಗಬಹುದು. 2025ರ ಜೂನ್ 21ರಂದು ಹಾಗೆ ಎದ್ದ ಬಿರುಗಾಳಿಗೆ ಹತ್ತು ಜನರಿದ್ದ ಮೋಟಾರು ದೋಣಿ ಮಗುಚಿ ಎಂಟು ಜನ ತೀರಿಕೊಂಡರು.

“ಇಷ್ಟು ತಿಳಿ ಇದೆ, ಹಾಗೇ ಕುಡೀಬಹುದು”

ಕಾಡಿನ ತೊರೆಗೆ ಬೊಗಸೆಯೊಡ್ಡಿ ಕುಡಿಯುವ ಆಸೆ ಯಾರಿಗಿಲ್ಲ. ಆದರೆ ಸಿಯೆರಾದ ತೊರೆಗಳಲ್ಲಿ ಜಿಯಾರ್ಡಿಯಾ ಎಂಬ ಪರಾವಲಂಬಿ ಜೀವಿ ಇರಬಹುದು. ಕಣ್ಣಿಗೆ ಕಾಣದ್ದಕ್ಕೆ ನೀರಿನ ತಿಳಿ ಸಾಕ್ಷಿ ಹೇಳಲಾರದು. “ಹೋದ ವರ್ಷ ನಾವು ಕುಡಿದ್ವಿ, ಏನೂ ಆಗ್ಲಿಲ್ಲ” ಎನ್ನುವವರ ಲೆಕ್ಕದಲ್ಲಿ ಒಂದು ಕಂತು ಬಿಟ್ಟುಹೋಗಿರುತ್ತದೆ: ಇದರ ಹೊಟ್ಟೆನೋವು, ಭೇದಿ ಶುರುವಾಗುವುದು ಒಂದೆರಡು ವಾರದ ಮೇಲೆ. ಅಷ್ಟರಲ್ಲಿ ಮನೆಗೆ ಬಂದಾಗಿರುತ್ತದೆ, ಬೈಗುಳವೆಲ್ಲ ಆಫೀಸಿನ ಕ್ಯಾಂಟೀನಿಗೆ. ಕ್ಯಾಂಪಿನ ನಲ್ಲಿ ನೀರು ಕುಡಿಯಿರಿ, ತೊರೆಯದಾದರೆ ಫಿಲ್ಟರ್ ಮಾಡಿ ಅಥವಾ ಕುದಿಸಿ.

ಕುದಿಸುವ ಮಾತು ಬಂದಾಗ ಒಂದು ಜಾಣ ಪ್ರಶ್ನೆ ಏಳುತ್ತದೆ. ಎತ್ತರದಲ್ಲಿ ನೀರು ಬೇಗ ಕುದಿಯುತ್ತದಲ್ಲ, ಕ್ರಿಮಿ ಸಾಯುತ್ತವೆಯೇ? ಸಾಯುತ್ತವೆ. ಟಾಹೋ ಮಟ್ಟದಲ್ಲಿ ನೀರು ಕುದಿಯುವುದು ಸುಮಾರು 94 ಡಿಗ್ರಿಗೆ, ಕ್ರಿಮಿಗಳಿಗೆ ಅಷ್ಟು ಧಾರಾಳ ಸಾಕು. ಒಂದು ನಿಮಿಷ ಕುದಿಸಿದರಾಯಿತು. ಕ್ಯಾಂಪು ಎರಡು ಸಾವಿರ ಮೀಟರಿಗಿಂತ ಮೇಲಿದ್ದರೆ ಮೂರು ನಿಮಿಷ.

ಆ 94 ಡಿಗ್ರಿ ಸಾಲದಿರುವುದು ತೊಗರಿಬೇಳೆಗೆ. ಮೊದಲ ಸಲ ಹೋದಾಗ ಭಾರ ಬೇಡವೆಂದು ಕುಕ್ಕರು ಬಿಟ್ಟು ಬರೀ ಪಾತ್ರೆ ಒಯ್ದಿದ್ದೆವು. ಒಂದೂವರೆ ಗಂಟೆ ಕುದಿಸಿದರೂ ಬೇಳೆ ಬೇಳೆಯಾಗಿಯೇ ಕೂತಿತ್ತು. “ಹಳೇ ಬೇಳೆ, ಅಂಗಡಿಯವನು ಮೋಸ ಮಾಡಿದ” ಎಂದರು ಒಬ್ಬರು. “ಉರಿ ಸಾಲದು” ಎಂದು ಇನ್ನೊಬ್ಬರು ಗ್ಯಾಸ್ ಪೂರ್ತಿ ತಿರುಗಿಸಿದರು. ಎರಡೂ ತಪ್ಪು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಕಡಿಮೆ ಬಿಸಿಯಲ್ಲೇ ಕುದಿಯತೊಡಗುತ್ತದೆ. ಕುದಿ ಬಂದ ಮೇಲೆ ಎಷ್ಟೇ ಉರಿ ಹಾಕಿ, ನೀರು ಆವಿಯಾಗಿ ಹೋಗುತ್ತದೆಯೇ ಹೊರತು ಅದರ ಬಿಸಿ ಏರುವುದಿಲ್ಲ. ಕುಕ್ಕರು ಮಾಡುವುದು ಆ ಕಳೆದುಹೋದ ಒತ್ತಡವನ್ನು ಮುಚ್ಚಳ ಬಿಗಿದು ವಾಪಸು ತರುವ ಕೆಲಸ. ಮನೆಯಲ್ಲಿ ಮೂರು ಕೂಗು ಕೂಗಿಸುವವರು ಇಲ್ಲಿ ನಾಲ್ಕೈದು ಕೂಗಿಸಿ. ಕುಕ್ಕರು ಮರೆತಿದ್ದರೆ ಅವಲಕ್ಕಿಗೆ ಶರಣು. ಅದಕ್ಕೆ ಯಾವ ಎತ್ತರವೂ ಲೆಕ್ಕಕ್ಕಿಲ್ಲ.

“ನಾವು ಸಸ್ಯಾಹಾರಿಗಳು, ಕರಡಿ ನಮ್ಮ ಹತ್ತಿರ ಯಾಕೆ ಬರುತ್ತೆ?”

ಈ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ಬಾಯಲ್ಲಿ ಕೇಳಿದ್ದೇನೆ. ಕರಡಿಯೂ ಬಹುಪಾಲು ಸಸ್ಯಾಹಾರಿಯೇ! ಟಾಹೋದಲ್ಲಿರುವ ಕಪ್ಪು ಕರಡಿ ಹೆಚ್ಚಾಗಿ ತಿನ್ನುವುದು ಹುಲ್ಲು, ಕಾಡುಹಣ್ಣು, ಬೀಜ, ಇರುವೆ, ಹುಳು. ತುಪ್ಪ, ಕೋಡುಬಳೆ, ಬೇಸನ್ ಲಾಡು ಅದಕ್ಕೆ ಹಬ್ಬದೂಟ. ಅದರ ಮೂಗಿಗೆ ಟೂತ್‌ಪೇಸ್ಟು, ಸನ್‌ಸ್ಕ್ರೀನ್ ಕೂಡ ತಿಂಡಿಯೇ. ಆದ್ದರಿಂದ ವಾಸನೆ ಬರುವ ಎಲ್ಲವೂ ಕ್ಯಾಂಪಿನಲ್ಲಿಟ್ಟಿರುವ ಬೇರ್ ಬಾಕ್ಸ್ ಎಂಬ ಉಕ್ಕಿನ ಪೆಟ್ಟಿಗೆಗೆ. ಕಾರಿನಲ್ಲಿಟ್ಟರೆ ಭದ್ರ ಎಂದುಕೊಳ್ಳಬೇಡಿ. ಇಲ್ಲಿನ ಕರಡಿಗಳು ಬಾಗಿಲ ಹಿಡಿ ಎಳೆದು ಕಾರು ತೆಗೆಯುವುದನ್ನು ಕಲಿತಿವೆ. ಒಳಹೊಕ್ಕ ಮೇಲೆ ಬಾಗಿಲು ಮುಚ್ಚಿಕೊಂಡರೆ ಗಾಬರಿಯಿಂದ ಸೀಟು, ಮೇಲ್ಛಾವಣಿಯನ್ನೆಲ್ಲ ಹರಿದು ಹಾಕುತ್ತವೆ.

ಎಲ್ಲ ಕಪ್ಪು ಕರಡಿಗಳೂ ಕಪ್ಪಲ್ಲ, ಕಂದು ಬಣ್ಣದವೂ ಇವೆ. ಅವನ್ನು ಕಂಡು ‘ಗ್ರಿಜ್ಲಿ’ ಎಂದು ಕೂಗುವವರು ಕ್ಯಾಲಿಫೋರ್ನಿಯಾದ ಬಾವುಟ ನೋಡಿರುತ್ತಾರೆ. ಗ್ರಿಜ್ಲಿ ಈಗ ಆ ಬಾವುಟದಲ್ಲಿ ಮಾತ್ರ ಉಳಿದಿದೆ. ರಾಜ್ಯದ ಕಾಡಿನಿಂದ ಅದು 1920ರ ದಶಕದಲ್ಲೇ ಮರೆಯಾಯಿತು.

ಕರಡಿ ಎದುರಾದರೆ? ನಮ್ಮೆಲ್ಲರ ತಲೆಯಲ್ಲಿ ಪ್ರಾಥಮಿಕ ಶಾಲೆಯ ಆ ಇಬ್ಬರು ಗೆಳೆಯರ ಕಥೆ ಇದೆ. ಒಬ್ಬ ಮರ ಹತ್ತಿದ, ಇನ್ನೊಬ್ಬ ಉಸಿರು ಬಿಗಿಹಿಡಿದು ಸತ್ತವನಂತೆ ಮಲಗಿದ. ಗೆಳೆತನದ ಪಾಠ ಹೇಗೋ ಏನೋ, ಕಪ್ಪು ಕರಡಿಯ ಮಟ್ಟಿಗೆ ಇಬ್ಬರೂ ಮಾಡಿದ್ದು ತಪ್ಪು. ಅದು ನಮಗಿಂತ ಸಲೀಸಾಗಿ ಮರ ಹತ್ತುತ್ತದೆ. ಮಲಗಿದವನನ್ನು ಮೂಸಿ ಬಿಟ್ಟುಹೋಗುತ್ತದೆಂಬ ಭರವಸೆಯೂ ಇಲ್ಲ. ಓಡಬಾರದು. ಎದ್ದು ನಿಂತು, ಕೈ ಮೇಲೆತ್ತಿ ದೊಡ್ಡವರಾಗಿ ಕಾಣಿಸಿಕೊಂಡು, ಪಾತ್ರೆ ಬಡಿದು ಗದ್ದಲ ಮಾಡಿದರೆ ಸಾಮಾನ್ಯವಾಗಿ ಅದೇ ಜಾಗ ಖಾಲಿ ಮಾಡುತ್ತದೆ. ಮೈಮೇಲೆ ಬಿದ್ದರೆ ತಿರುಗಿ ಹೊಡೆಯಬೇಕು. ಬಳ್ಳಾರಿ ಸೀಮೆಯಿಂದ ಬಂದವರಿಗೆ ಈ ಬುದ್ಧಿವಾದ ಹುಚ್ಚೆನಿಸಿದರೆ ಆಶ್ಚರ್ಯವಿಲ್ಲ. ದರೋಜಿಯ ನಮ್ಮ ಕರಡಿ ಬೇರೆ ಜಾತಿಯದು, ಬೆಚ್ಚಿಬಿದ್ದರೆ ಎರಗುವ ಸ್ವಭಾವದ್ದು. ಆ ಭಯವನ್ನು ಹಾಗೇ ಇಲ್ಲಿಗೆ ಹೊತ್ತು ತರಬೇಕಿಲ್ಲ.

ಕರಡಿಗಳ ಬಗ್ಗೆ ಊರಿಗೆ ಊರೇ ತಪ್ಪು ತಿಳಿದದ್ದೂ ಉಂಟು. ಸೌತ್ ಲೇಕ್ ಟಾಹೋದಲ್ಲಿ ಮನೆಗಳಿಗೆ ನುಗ್ಗುತ್ತಿದ್ದ ಸುಮಾರು 225 ಕಿಲೋ ತೂಕದ ಕರಡಿಗೆ ಜನ ‘ಹ್ಯಾಂಕ್ ದ ಟ್ಯಾಂಕ್’ ಎಂದು ಹೆಸರಿಟ್ಟು ಎಲ್ಲ ಕಳ್ಳತನವನ್ನೂ ಅವನ ತಲೆಗೆ ಕಟ್ಟಿದ್ದರು. 2022ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಕಳ್ಳರು ಕನಿಷ್ಠ ಮೂವರೆಂದು ತಿಳಿಯಿತು. 2023ರ ಆಗಸ್ಟಿನಲ್ಲಿ ಕೊನೆಗೂ ಹಿಡಿದ ‘ಹ್ಯಾಂಕ್’ ಹೆಣ್ಣು ಕರಡಿಯಾಗಿತ್ತು.

ರಾತ್ರಿಯ ಚಳಿಯ ಬಗ್ಗೆ ಒಂದೇ ಮಾತು. ಜುಲೈನಲ್ಲೂ ಇಲ್ಲಿ ಐದಾರು ಡಿಗ್ರಿಗೆ ಇಳಿಯುವುದುಂಟು, ಮತ್ತು ಚಳಿ ಬರುವುದು ಮೇಲಿನಿಂದಷ್ಟೇ ಅಲ್ಲ, ನೆಲದಿಂದಲೂ. ಎರಡು ರಗ್ಗು ಹೊದೆಯುವ ಬದಲು ಒಂದನ್ನು ಕೆಳಗೆ ಹಾಸಿ. ಹಗಲಿನ ತಣ್ಣನೆಯ ಗಾಳಿಗೂ ಮರುಳಾಗಬೇಡಿ. ಎತ್ತರ ಏರಿದಂತೆ ಬಿಸಿಲಿನ ನೇರಳಾತೀತ ಕಿರಣ ಹೆಚ್ಚುತ್ತದೆ. ನಮ್ಮ ಬಣ್ಣಕ್ಕೂ ಅದು ತಟ್ಟುತ್ತದೆ.

“ಬಾಳೆಹಣ್ಣಿನ ಸಿಪ್ಪೆ ತಾನೇ, ಗೊಬ್ಬರ ಆಗುತ್ತೆ”

ಆಗುತ್ತದೆ, ತೊಂದರೆ ಇರುವುದೇ ಅದರಲ್ಲಿ. ಟಾಹೋ ನೀರು ತಿಳಿಯಾಗಿರುವುದು ಅದರಲ್ಲಿ ಪಾಚಿಗೆ ಬೇಕಾದ ಗೊಬ್ಬರ ಕಡಿಮೆ ಇರುವುದರಿಂದ. ಈ ಸರೋವರ ಬಡತನದಿಂದಲೇ ಚೆಲುವಾದದ್ದು. ಬಿಳಿಯ ತಟ್ಟೆಯೊಂದನ್ನು ನೀರಿಗಿಳಿಸಿ, ಅದು ಕಣ್ಮರೆಯಾಗುವ ಆಳ ಅಳೆಯುವ ಪದ್ಧತಿ ಇಲ್ಲಿ 1968ರಿಂದ ನಡೆದಿದೆ. ಆಗ 31 ಮೀಟರ್ ತನಕ ಕಾಣುತ್ತಿದ್ದ ತಟ್ಟೆ ಈಗ ಇಪ್ಪತ್ತರ ಆಸುಪಾಸಿನಲ್ಲೇ ಮಾಯವಾಗುತ್ತದೆ. ರಸ್ತೆಯ ನುಣ್ಣನೆಯ ಧೂಳು, ಮಣ್ಣು, ಪಾಚಿ ಎಲ್ಲದರ ಕೈವಾಡ ಅದರಲ್ಲಿದೆ. ‘ಮಣ್ಣಿನಲ್ಲಿ ಕರಗುವ’ ಸೋಪಿನ ಕಥೆಯೂ ಅಷ್ಟೇ: ಹೆಸರೇ ಹೇಳುವಂತೆ ಅದು ಕರಗುವುದು ಮಣ್ಣಿನಲ್ಲಿ, ನೀರಿನಲ್ಲಲ್ಲ. ಪಾತ್ರೆ ತೊಳೆಯುವುದು ದಡದಿಂದ ಅರವತ್ತು ಮೀಟರ್ ಆಚೆ.

“ಬೆಂಕಿಗೆ ಮರಳು ಮುಚ್ಚಿದರೆ ಆರುತ್ತೆ”

ಇದನ್ನು ನಂಬಬಾರದವರು ಯಾರಾದರೂ ಇದ್ದರೆ ಅದು ನಾವು. ನಮ್ಮಜ್ಜಿ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದದ್ದು ಆರಿಸುವುದಕ್ಕಲ್ಲ, ಬೆಳಿಗ್ಗೆ ತನಕ ಉಳಿಸುವುದಕ್ಕೆ. ‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತು ಬಾಯಲ್ಲಿಟ್ಟುಕೊಂಡೇ ನಾವು ಟಾಹೋ ದಡದಲ್ಲಿ ಮರಳು ಮುಚ್ಚಿ ಮಲಗಲು ಹೋಗುತ್ತೇವೆ. ಒಳಗೆ ಕೆಂಡ ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ಬೆಳಿಗ್ಗೆ ಬರಿಗಾಲಲ್ಲಿ ಓಡುವ ಮಗುವಿಗೆ ಮೇಲಿನ ಮರಳಷ್ಟೇ ಕಾಣುತ್ತದೆ. ಮಾರ್ಕ್ ಟ್ವೈನ್ 1861ರಲ್ಲಿ ಇದೇ ದಡದಲ್ಲಿ ಬೀಡುಬಿಟ್ಟಿದ್ದಾಗ ಅಡುಗೆಯ ಬೆಂಕಿ ಕೈತಪ್ಪಿ ಕಾಡಿಗೆ ಹಬ್ಬಿದ್ದನ್ನು ‘ರಫಿಂಗ್ ಇಟ್’ ಪುಸ್ತಕದಲ್ಲಿ ತಾನೇ ಬರೆದುಕೊಂಡಿದ್ದಾನೆ. 2007ರ ಜೂನ್ 24ರಂದು, ಅನುಮತಿಯಿಲ್ಲದೆ ಹಾಕಿದ ಕ್ಯಾಂಪಿನ ಬೆಂಕಿಯೊಂದು ಸೌತ್ ಲೇಕ್ ಟಾಹೋ ಬಳಿ ಸುಮಾರು 3,100 ಎಕರೆ ಸುಟ್ಟು 254 ಮನೆಗಳನ್ನು ಬೂದಿ ಮಾಡಿತು. ಅದಕ್ಕೆ ಅಂಗೋರಾ ಬೆಂಕಿ ಎಂದು ಹೆಸರು.

ಆರಿಸಲು ನೀರೇ ಬೇಕು. ಸುರಿದು, ಕೋಲಿನಿಂದ ಕಲಕಿ, ಚುಸ್ ಎನ್ನುವ ಸದ್ದು ನಿಲ್ಲುವ ತನಕ ಮತ್ತೆ ಸುರಿದು, ಕೊನೆಗೆ ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಬೇಕು. ಇನ್ನೂ ಬಿಸಿ ತಾಕಿದರೆ ಇನ್ನೊಂದು ಬಕೆಟ್. ನೂರೈವತ್ತು ಘನ ಕಿಲೋಮೀಟರ್ ನೀರು ಪಕ್ಕದಲ್ಲೇ ಇದೆ, ಜುಗ್ಗತನ ಮಾಡಬೇಕಾಗಿಲ್ಲ.